ಕೆರೆಯ ಮೇಲ್ಬದಿ ಯಾರದು? ಕೈಕೊಂಡ್ರಹಳ್ಳಿಯ ಕುರಿತು ಒಂದು ಟಿಪ್ಪಣಿ

ನಮ್ಮ ಕಡೆಯ ಕೆರೆಗೆ ಏರಿ ಒಂದೇ ಕಡೆ. ಇಳಿಜಾರಿನಲ್ಲಿ ಹರಿದುಬರುವ ಮಳೆನೀರನ್ನು ತಗ್ಗಿನ ಬದಿಯಲ್ಲಿ ಮಣ್ಣು ಹಾಕಿ ತಡೆದರೆ ಸಾಕು. ಮೇಲ್ಬದಿ ಮೆಲ್ಲಗೆ ಏರುತ್ತ ಹೊಲಗಳಲ್ಲಿ ಸೇರಿಹೋಗುತ್ತದೆ. ದನ ನೀರಿಗಿಳಿಯುತ್ತಿದ್ದುದು, ಹೆಂಗಸರು ಹೊನಗೊನ್ನೆ ಸೊಪ್ಪು ಕಿತ್ತು ಮಡಿಲಿಗೆ ತುಂಬಿಕೊಳ್ಳುತ್ತಿದ್ದುದು, ಬೇಸಿಗೆಯಲ್ಲಿ ರೈತರು ಗಾಡಿ ಇಳಿಸಿ ಕೆರೆಗೋಡು ಹೇರುತ್ತಿದ್ದುದು ಈ ಮೇಲ್ಬದಿಯಿಂದಲೇ. ಬೆಂಗಳೂರಿನಲ್ಲಿ ಈಚೆಗೆ ಜೀರ್ಣೋದ್ಧಾರ ಕಂಡ ಹಲವು ಕೆರೆಗಳಲ್ಲಿ ಆ ಇಳಿಜಾರೇ ಇಲ್ಲ. ಸುತ್ತಲೂ ಏರಿ, ಏರಿಯ ಮೇಲೆ ನಡಿಗೆಯ ದಾರಿ, ಅದರಾಚೆ ತಂತಿಬೇಲಿ. ನಡುವೆ ಬಟ್ಟಲಿನಂತೆ ತೋಡಿದ ಅಂಗಳ. ಪಾಳುಬಿದ್ದ ಕೆರೆಯನ್ನು ಜನರೇ ಉಳಿಸಿಕೊಂಡರು ಎಂಬ ಮಾತು ಕೇಳಿದಾಗ, ಆ ಜನ ಯಾರು ಎಂದು ಕೇಳಬೇಕಾಗುತ್ತದೆ. ಈ ಟಿಪ್ಪಣಿಯ ವಿಷಯ ಅಷ್ಟೇ.

ಕೆರೆ ಪಾಳುಬಿದ್ದದ್ದಕ್ಕೆ ಒತ್ತುವರಿಯೊಂದೇ ಕಾರಣವಲ್ಲ. ಕೆರೆಯ ಪಾಲನೆ ಮೊದಲಿನಿಂದಲೂ ಬಳಕೆಯೊಂದಿಗೆ ಹೆಣೆದುಕೊಂಡಿತ್ತು. ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕೆರೆಯ ನೀರುಂಡ ಭೂಮಿಯಿಂದಲೇ ಕೆರೆಯ ದುರಸ್ತಿಗೆ ಆದಾಯ ಕಟ್ಟಿಟ್ಟ ಏರ್ಪಾಡು. ತೂಬು ಎತ್ತಿ ಇಳಿಸುವ ನೀರುಗಂಟಿಗೂ ಬೆಳೆಯಲ್ಲಿ ಪಾಲಿತ್ತು. 1890ರ ದಶಕದಲ್ಲಿ ಹೆಸರಘಟ್ಟದ ನೀರು, 1933ರಲ್ಲಿ ತಿಪ್ಪಗೊಂಡನಹಳ್ಳಿಯದು, 1974ರಲ್ಲಿ ಕಾವೇರಿ ಕೊಳಾಯಿಗೆ ಬಂದ ಮೇಲೆ ನಗರಕ್ಕೆ ತನ್ನ ಕೆರೆಗಳ ಹಂಗು ಉಳಿಯಲಿಲ್ಲ. ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. 2002ರಲ್ಲಿ ಹುಟ್ಟಿದ ಕೆರೆ ಅಭಿವೃದ್ಧಿ ಪ್ರಾಧಿಕಾರ ಹೆಬ್ಬಾಳ, ನಾಗವಾರದಂಥ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿತು. 2008ರಲ್ಲಿ ಆ ವಿಷಯ ಹೈಕೋರ್ಟಿನ ಮೆಟ್ಟಿಲೇರಿತು.

ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯ ಕಥೆ ಬೇರೆ ದಾರಿ ಹಿಡಿದದ್ದು ಅದೇ ಹೊತ್ತಿನಲ್ಲಿ. ಸುಮಾರು 48 ಎಕರೆಯ ಈ ಕೆರೆ ಕೊಳಚೆಯಿಂದಲೂ ಕಟ್ಟಡದ ಅವಶೇಷಗಳಿಂದಲೂ ಹಾಳಾಗಿತ್ತು. ಸುತ್ತಲಿನ ಅಪಾರ್ಟ್‌ಮೆಂಟುಗಳ ನಿವಾಸಿಗಳು, ಹಳ್ಳಿಯವರು, ಪಾಲಿಕೆಯ ಎಂಜಿನಿಯರುಗಳು, ಪರಿಸರ ವಿಜ್ಞಾನಿಗಳು ಒಟ್ಟಿಗೆ ಕೂತು ಯೋಜನೆಯನ್ನು ತಿದ್ದಿದರು. ಬೆಂಗಳೂರಿನ ಕೆರೆಗಳ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿರುವ ಹರಿಣಿ ನಾಗೇಂದ್ರ ಈ ಪ್ರಯತ್ನದಲ್ಲಿದ್ದವರು. ಕಾಮಗಾರಿಯ ಹಣ ಪಾಲಿಕೆಯದು. ಮುಂದಿನ ಪಾಲನೆಗೆ ಸ್ಥಳೀಯರು 'ಮ್ಯಾಪ್ಸಾಸ್' ಎಂಬ ಟ್ರಸ್ಟ್ ಕಟ್ಟಿಕೊಂಡರು.

ವಿನ್ಯಾಸದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಮೂರ್ನಾಲ್ಕು ಸಣ್ಣ ತೀರ್ಮಾನಗಳು. ಗಣೇಶ ವಿಸರ್ಜನೆಗೆ ಪ್ರತ್ಯೇಕ ಕಲ್ಯಾಣಿ ಕಟ್ಟಿದರು; ಹಬ್ಬಕ್ಕೆ ತಡೆಯಿಲ್ಲ, ಬಣ್ಣ ಮಾತ್ರ ಕೆರೆಯ ನೀರಿಗೆ ಬೀಳದು. ಪಕ್ಕದ ಸರ್ಕಾರಿ ಶಾಲೆಯ ಮಕ್ಕಳನ್ನು ಕೆರೆಯ ಬಳಕೆದಾರರೆಂದೇ ಎಣಿಸಿದರು. ಮೀನುಗಾರಿಕೆ ನಿಲ್ಲಿಸಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ದಡದ ಹುಲ್ಲು ಕೊಯ್ದು ದನಕ್ಕೆ ಒಯ್ಯುವವರನ್ನು ಹೊರಗಿಡಲಿಲ್ಲ. ಕುಡುಗೋಲು ಹಿಡಿದು ಬಂದು, ಹಸಿಹುಲ್ಲಿನ ಹೊರೆ ಕಟ್ಟಿ, ತಲೆಯ ಮೇಲಿಟ್ಟುಕೊಂಡು ಹೋಗುವವರಿಗೆ ಅದು ಮೇವು. ಕೆರೆಗೆ ಅದು ಖರ್ಚಿಲ್ಲದ ಕಳೆ ತೆಗೆಯುವ ಕೆಲಸ. ಕೊಳೆತ ಹುಲ್ಲು ನೀರಿಗೆ ಸೇರಿ ಪಾಚಿ ಹೆಚ್ಚುವುದೂ ತಪ್ಪುತ್ತದೆ. ಬಳಕೆಯೂ ಪಾಲನೆಯೂ ಒಂದೇ ಕೈಯಲ್ಲಿದ್ದ ಬಿತ್ತುವಟ್ಟದ ತರ್ಕ ಇಲ್ಲಿ ಹುಲ್ಲಿನ ಹೊರೆಯಾಗಿ ಮರಳಿದೆ ಎಂದೇ ನಾನು ಭಾವಿಸುತ್ತೇನೆ.

ಬೇರೆ ಕೆರೆಗಳ ಗೇಟುಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಬೈಕು ನುಗ್ಗದಿರಲೆಂದು ಇಟ್ಟ ಇಕ್ಕಟ್ಟಿನ ಗೇಟಿನಲ್ಲಿ ವಾಯುವಿಹಾರಕ್ಕೆ ಬಂದವರು ಸುಲಭವಾಗಿ ತೂರುತ್ತಾರೆ, ಹುಲ್ಲಿನ ಹೊರೆ ತೂರದು. ಬೆಳಗ್ಗೆ ಮತ್ತು ಸಂಜೆ ಮಾತ್ರ ಬಾಗಿಲು ತೆಗೆದರೆ ಆಫೀಸಿಗೆ ಹೋಗುವವರಿಗೆ ಅನುಕೂಲ. ದನ ಮೇಯಿಸುವವರಿಗೂ ಬಟ್ಟೆ ಒಗೆಯುವವರಿಗೂ ಕೆಲಸ ಇರುವುದು ನಡುಹಗಲಲ್ಲಿ. ಇಂಥ ಕಡೆ ಹೊರಗೆ ಹೋಗಿ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಗೇಟಿನ ಅಗಲ, ಬಾಗಿಲಿನ ವೇಳೆ, ಬೇಲಿಯ ಎತ್ತರ ಆ ಮಾತು ಹೇಳಿಬಿಡುತ್ತವೆ. ಸಭೆಗೆ ಬರಲು ಬಿಡುವಿದ್ದವರ ಅಭಿಪ್ರಾಯವನ್ನಷ್ಟೇ ಸಮುದಾಯದ ಅಭಿಪ್ರಾಯ ಎಂದು ಬರೆದುಕೊಂಡರೆ ಆಗುವುದು ಹೀಗೆಯೇ.

ಕೈಕೊಂಡ್ರಹಳ್ಳಿಯನ್ನು ಮಾದರಿ ಎಂದು ಹೊಗಳಿ ಮುಗಿಸುವುದೂ ಸರಿಯಲ್ಲ. ಈ ಕೆರೆ ಒಂಟಿಯಲ್ಲ. ಇದು ವರ್ತೂರಿನ ಕಡೆಗೆ ಹರಿಯುವ ಸರಣಿಯ ಒಂದು ಕೊಂಡಿ. ಕೋಡಿ ಬಿದ್ದ ನೀರು ಸೌಳು ಕೆರೆಗೆ ಹೋಗುತ್ತದೆ. ಮೇಲಿನ ರಾಜಕಾಲುವೆಗೆ ಯಾರೋ ಒಳಚರಂಡಿ ಜೋಡಿಸಿದರೆ ಇಲ್ಲಿನ ಟ್ರಸ್ಟಿನ ವರ್ಷಗಳ ದುಡಿಮೆ ಕೆಲವೇ ದಿನಗಳಲ್ಲಿ ಕದಡಿಹೋಗಬಹುದು. ದಡದ ಮೇಲಿನ ವಿನ್ಯಾಸ ಎಷ್ಟೇ ಜನಪರವಾಗಿರಲಿ, ಕಾಲುವೆಯ ಮೇಲೆ ಅಧಿಕಾರವಿಲ್ಲದ ಸಮಿತಿ ನೀರನ್ನು ಕಾಯಲಾರದು. ಜೊತೆಗೆ, ಸುತ್ತಲ ಹಳ್ಳಿಗಳಲ್ಲಿ ದನಗಳೇ ಕಡಿಮೆಯಾಗುತ್ತ ಹೋದರೆ ಹುಲ್ಲು ಕೊಯ್ಯುವ ಕೈಗಳೂ ಕಡಿಮೆಯಾಗುತ್ತವೆ. ಆಗ ಆ ಕೆಲಸಕ್ಕೆ ಗುತ್ತಿಗೆದಾರ ಬರುತ್ತಾನೆ.

ಆದ್ದರಿಂದ ಕೆರೆ ಸಮಿತಿಗಳಲ್ಲಿ ಇರುವ ಓದುಗರಲ್ಲಿ ನನ್ನದೊಂದು ಕೋರಿಕೆ. ನಕ್ಷೆಗೆ ಒಪ್ಪಿಗೆ ಕೊಡುವ ಮುನ್ನ ಮಳೆಗಾಲ, ಚಳಿಗಾಲ, ಬೇಸಿಗೆ ಮೂರರಲ್ಲೂ ನಡುಹಗಲಲ್ಲಿ ಕೆರೆಯ ಮೇಲ್ಬದಿಗೆ ಹೋಗಿ ನಿಲ್ಲಿ. ಅಲ್ಲಿ ಯಾರು ಯಾವುದಕ್ಕಾಗಿ ಬರುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ನೀರುಗಂಟಿ ಮನೆತನದವರು ಇನ್ನೂ ಊರಲ್ಲಿದ್ದರೆ ಮೊದಲು ಅವರ ಮನೆಗೆ ಹೋಗಿ.