ಸಭೆಯ ಶಿಸ್ತು, ದೈವದ ದಂಡ: ಬಿಜಾಪುರ ಸೀಮೆಯ ಕ್ರೈಸ್ತ ಸದಸ್ಯತ್ವವನ್ನು ಕುರಿತು

ಹಲಸಂಗಿ ಎಂದೊಡನೆ ಕನ್ನಡ ಓದುಗರಿಗೆ ನೆನಪಾಗುವುದು ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು 1931ರ ‘ಗರತಿಯ ಹಾಡು’. ಕ್ರೈಸ್ತ ಸಭೆಯ ಇತಿಹಾಸ ಬೇಕಾದವರು ಅಲ್ಲಿಂದ ದಕ್ಷಿಣಕ್ಕೆ, ಹಳೆಯ ಬಿಜಾಪುರ ಜಿಲ್ಲೆಯ ಇನ್ನೊಂದು ತುದಿಯ ಗುಳೇದಗುಡ್ಡದವರೆಗೆ ಇಳಿದು ಬರಬೇಕು. ಆದರೆ ಒಬ್ಬನನ್ನು ‘ಒಳಗಿನವ’ ಎಂದು ಒಪ್ಪುವ, ತಪ್ಪಿದರೆ ಹೊರಗಿಡುವ ಪದ್ಧತಿಯನ್ನು ಈ ನಾಡಿಗೆ ಯಾರೂ ಹಡಗಿನಲ್ಲಿ ತಂದದ್ದಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಹಳ್ಳಿಗಳಲ್ಲಿ ಕುಲದ ಹಿರಿಯರು ದೈವ, ಅಂದರೆ ಕುಲದ ಪಂಚಾಯಿತಿ, ಕೂಡಿಸುತ್ತಿದ್ದರು. ತಪ್ಪು ಒಪ್ಪಿ ದಂಡ ಕೊಟ್ಟವನನ್ನು ಪಂಕ್ತಿಗೆ ಕರೆದುಕೊಳ್ಳುತ್ತಿದ್ದರು, ಒಪ್ಪದವನಿಗೆ ಬೆಂಕಿ, ನೀರು, ಬೀಗತನ ಎಲ್ಲ ಬಂದ್. ಬಸವನ ಬಾಗೇವಾಡಿಯ ನೆಲದಲ್ಲಂತೂ, ಧರ್ಮಕ್ಕೆ ಬಂದ ಕುಂದನ್ನು ಇಡೀ ಗಣವೇ ಎದುರಿಸಬೇಕೆನ್ನುವ ಗಣಾಚಾರ ಪಂಚಾಚಾರಗಳಲ್ಲಿ ಒಂದಾಗಿಯೇ ನಿಂತಿದೆ. ಇಂಥ ನೆಲಕ್ಕೆ ಬಂದ ಕ್ರೈಸ್ತ ಸಭಾಶಿಸ್ತು ಯಾವ ಹಂತದವರೆಗೆ ಸುವಾರ್ತೆಯ ಶಿಸ್ತಾಗಿತ್ತು, ಎಲ್ಲಿಂದ ದೈವದ ದಂಡವಾಯಿತು ಎಂಬುದು ಈ ಲೇಖನದ ಪ್ರಶ್ನೆ.

1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದಿತು. ಧಾರವಾಡದಲ್ಲಿ 1837ರಲ್ಲಿ, ಹುಬ್ಬಳ್ಳಿಯಲ್ಲಿ 1839ರಲ್ಲಿ, ಗದಗಿನ ಬೆಟಗೇರಿಯಲ್ಲಿ 1841ರಲ್ಲಿ, ಖಣದ ಊರು ಗುಳೇದಗುಡ್ಡದಲ್ಲಿ 1851ರಲ್ಲಿ ಠಾಣೆ ಹೂಡಿತು. ಬಂದ ಪಾದ್ರಿಗಳಲ್ಲಿ ಬಹಳ ಮಂದಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಭಕ್ತಿಪಂಥದವರು. ನಂಬಿಕೆ ನಡತೆಯಲ್ಲಿ ಕಾಣದಿದ್ದರೆ ಅದು ನಂಬಿಕೆಯೇ ಅಲ್ಲ ಎಂಬುದು ಅವರ ಪಟ್ಟು. ಹಾಗಾಗಿ ದೀಕ್ಷಾಸ್ನಾನ ಆದ ಮಾತ್ರಕ್ಕೆ ಪೂರ್ಣ ಸದಸ್ಯತ್ವ ಸಿಗುತ್ತಿರಲಿಲ್ಲ. ಮೊದಲು ಉಪದೇಶ, ಆಮೇಲೆ ಸ್ನಾನ, ದೃಢೀಕರಣ, ಕೊನೆಗೆ ಕರ್ತನ ಭೋಜನದಲ್ಲಿ ಪಾಲು. ವಾರ್ಷಿಕ ವರದಿಗಳ ಕೋಷ್ಟಕಗಳಲ್ಲಿ ಭೋಜನಕ್ಕೆ ಸೇರುವವರ ಲೆಕ್ಕ ಬೇರೆ, ಸೇರದವರದು ಬೇರೆ, ಸಭೆಯಿಂದ ಹೊರಗಾದವರದು ಮತ್ತೂ ಬೇರೆ. ದೇಣಿಗೆ ಕೊಡುವ ಯುರೋಪಿನ ಓದುಗರ ಮುಂದೆ ತಾನು ಕಳೆದುಕೊಂಡವರ ಸಂಖ್ಯೆಯನ್ನೂ ಅಚ್ಚು ಹಾಕಿಸಿದ ಸಂಸ್ಥೆ ಇದು. ಆ ಪ್ರಾಮಾಣಿಕತೆಗೆ ಬೆಲೆ ಕೊಡಲೇಬೇಕು.

1850ರಿಂದ 1879ರವರೆಗೆ ಮಿಶನ್ನಿನ ಸೂತ್ರ ಹಿಡಿದ ಯೋಸೆನ್‌ಹಾನ್ಸ್ 1851–52ರಲ್ಲಿ ಭಾರತದ ಠಾಣೆಗಳನ್ನು ಕಣ್ಣಾರೆ ನೋಡಿಹೋದವರು. ಸಭಾ ಕಟ್ಟಳೆಗಳು ಲಿಖಿತ ರೂಪದಲ್ಲಿ ಬಿಗಿಯಾದದ್ದು ಅವರ ಕಾಲದಲ್ಲಿ. ಕ್ರಮದ ಬುಡ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿದೆ: ಮೊದಲು ಇಬ್ಬರೇ ಇರುವಾಗ ಮಾತಾಡಿ, ಆಮೇಲೆ ಇಬ್ಬರು ಮೂವರ ಎದುರಿಗೆ, ಕಡೆಗೆ ಸಭೆಗೆ ತಿಳಿಸಿ. ಬಳ್ಳಾರಿಯಲ್ಲಿ 1810ರಿಂದ ಇದ್ದ ಲಂಡನ್ ಮಿಶನ್ನಿನ ಪರಂಪರೆಯಲ್ಲಿ ಸದಸ್ಯರೆಲ್ಲ ಕೂಡಿ ಇದನ್ನು ತೀರ್ಮಾನಿಸಬೇಕು. ಬಾಸೆಲಿನವರಲ್ಲಿ ಪಾದ್ರಿ ಮತ್ತು ಸಭಾಹಿರಿಯರ ಮಂಡಳಿ ತೀರ್ಮಾನಿಸುತ್ತಿತ್ತು. ಈ ವ್ಯತ್ಯಾಸ ಸಣ್ಣದಲ್ಲ, ಏಕೆಂದರೆ ಆ ಮಂಡಳಿಯಲ್ಲಿ ಕೊನೆಯ ಮಾತು ಬಹುಕಾಲ ಬಿಳಿಯ ಪಾದ್ರಿಯದೇ ಆಗಿತ್ತು.

ಬುದ್ಧಿವಾದಕ್ಕೆ ಬಗ್ಗದವನಿಗೆ ಮೊದಲ ಶಿಕ್ಷೆ ಎಂದರೆ ಭೋಜನದಿಂದ ದೂರವಿಡುವುದು. ಭೋಜನದ ಭಾನುವಾರ ಮನೆಯವರು ಎದ್ದು ರೊಟ್ಟಿ, ದ್ರಾಕ್ಷಾರಸಕ್ಕೆ ಮುಂದೆ ಹೋಗುತ್ತಾರೆ. ಶಿಸ್ತಿಗೆ ಒಳಗಾದವನು ಕೂತಲ್ಲೇ ಕೂತಿರುತ್ತಾನೆ. ಯಾರೂ ಏನೂ ಹೇಳಬೇಕಾಗಿಲ್ಲ, ಇಡೀ ಸಭೆಗೆ ಗೊತ್ತಾಗುತ್ತದೆ. ಅದಕ್ಕೂ ಮಣಿಯದಿದ್ದರೆ ಸಭೆಯ ಎದುರು ಹೆಸರು ಕರೆದು ಹೊರಗಿಟ್ಟದ್ದನ್ನು ಸಾರುವುದು. ಪಶ್ಚಾತ್ತಾಪಪಟ್ಟರೆ ಅದೇ ಸಭೆಯ ಎದುರು ಮರಳಿ ಸೇರಿಸಿಕೊಳ್ಳುವುದು. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಪೌಲ ಒಬ್ಬನನ್ನು ಹೊರಗಿಡಿರಿ ಎನ್ನುತ್ತಾನೆ, ಎರಡನೆಯದರಲ್ಲಿ ಶಿಕ್ಷೆ ಸಾಕು, ಕ್ಷಮಿಸಿ ಸಂತೈಸಿರಿ ಎನ್ನುತ್ತಾನೆ. ಎರಡನ್ನೂ ಒಟ್ಟಿಗೆ ಓದದ ಸಭೆಗೆ ಶಿಸ್ತಿನ ಅರ್ಧ ಮಾತ್ರ ತಿಳಿದಿರುತ್ತದೆ.

ಶಿಕ್ಷೆಗೆ ಕಾರಣವಾಗುತ್ತಿದ್ದ ತಪ್ಪುಗಳೆಲ್ಲ ಒಂದೇ ತೂಕದವಲ್ಲ. ಕುಡಿತ, ಹಾದರ, ಜಾತ್ರೆಯ ಸೇವೆ, ಕ್ರೈಸ್ತರಲ್ಲದವರೊಡನೆ ಮದುವೆ, ಭಾನುವಾರದ ದುಡಿಮೆ, ಜಾತಿ ಆಚರಣೆ ಇವೆಲ್ಲ ಒಂದೇ ಸಾಲಿನಲ್ಲಿ ಬರುತ್ತವೆ. ಇದರಲ್ಲಿ ವುರ್ಟೆಂಬರ್ಗಿನ ಹಳ್ಳಿಯ ಮರ್ಯಾದೆ ಎಷ್ಟು, ಸುವಾರ್ತೆ ಎಷ್ಟು ಎಂದು ಕೇಳುವುದು ನ್ಯಾಯ. ಅಜ್ಜನ ಊರಿನ ಜಾತ್ರೆಗೆ ಹೋಗಿ ಬೆಂಡು ಬತ್ತಾಸ ತಂದವನನ್ನೂ ಹೆಂಡತಿಯನ್ನು ಬಿಟ್ಟು ಓಡಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಜಾತಿಯ ವಿಷಯದಲ್ಲಿ ಮಾತ್ರ ಮಿಶನ್ನಿನ ಬಿಗಿ ಸರಿಯಾಗಿಯೇ ಇತ್ತು. ನೇಕಾರನೂ ಹೊಲೆಯನೂ ಒಂದೇ ಬಟ್ಟಲಿನಿಂದ ಕುಡಿಯಬೇಕು, ಇಲ್ಲದಿದ್ದರೆ ಭೋಜನವಿಲ್ಲ ಎಂಬಲ್ಲಿ ಶಿಸ್ತು ದೈವದ ದಂಡಕ್ಕೆ ಎದುರಾಗಿಯೇ ನಿಂತಿತು. ಅದು ಪಂಕ್ತಿಯನ್ನು ಹಿಗ್ಗಿಸಿತು.

ತೊಡಕು ಶುರುವಾದದ್ದು ಸದಸ್ಯತ್ವಕ್ಕೆ ಅನ್ನ ಅಂಟಿಕೊಂಡಾಗ. ಮತಾಂತರಗೊಂಡವನ ಪಿತ್ರಾರ್ಜಿತದ ಹಕ್ಕನ್ನು 1850ರ ಕಾಯಿದೆ ಉಳಿಸಿಕೊಟ್ಟಿತು ನಿಜ. ಆದರೆ ಸಾಲ ಕೊಡುವ ಸಾಹುಕಾರನನ್ನು, ಹೆಣ್ಣು ಕೊಡುವ ಬೀಗರನ್ನು ಯಾವ ಕಾಯಿದೆ ತಂದುಕೊಡುತ್ತದೆ? ಕುಲ ಬಿಟ್ಟವನು ಮಿಶನ್ ಕಂಪೌಂಡಿಗೆ ಬಂದ. ಮನೆ, ಮಕ್ಕಳ ಶಾಲೆ, ಮಾಸ್ತರಿಕೆ, ಉಪದೇಶಿಯ ಕೆಲಸ ಎಲ್ಲ ಅಲ್ಲೇ. ಕರಾವಳಿಯಲ್ಲಿ ನೇಯ್ಗೆ ಮತ್ತು 1865ರಲ್ಲಿ ಆರಂಭವಾದ ಹಂಚಿನ ಕಾರ್ಖಾನೆಗಳು ಈ ನಂಟನ್ನು ಇನ್ನೂ ಬಿಗಿದವು. ಇಂಥಲ್ಲಿ ಭೋಜನದಿಂದ ಹೊರಗಾದವನಿಗೆ ಸಂಬಳದ ಚಿಂತೆಯೂ ಹತ್ತುತ್ತದೆ. ಅವನು ಪಟ್ಟ ಪಶ್ಚಾತ್ತಾಪ ಪಾಪಕ್ಕೋ ಹೊಟ್ಟೆಗೋ ಎಂದು ಹಿರಿಯರು ಹೇಗೆ ತಿಳಿದಾರು? ಸಭಾಶಿಸ್ತು ಅಲ್ಲಿಗೆ ದೈವದ ದಂಡದ ಪಕ್ಕಕ್ಕೆ ಬಂದು ಕೂತಿತು.

ಸಭಾಶಿಸ್ತಿಗೂ ದೈವದ ದಂಡಕ್ಕೂ ನಡುವಿನ ಗಡಿಯನ್ನು ಗುರುತಿಸಲು ನೋಡಿದ್ದು ದೇವಶಾಸ್ತ್ರವಲ್ಲ, ಮುಂಬಯಿ ಶಾಸನಸಭೆ. ಆಗ ಮುಂಬಯಿ ಪ್ರಾಂತದಲ್ಲಿದ್ದ ಬಿಜಾಪುರಕ್ಕೂ ಅನ್ವಯಿಸಿದ 1949ರ ಬಹಿಷ್ಕಾರ ನಿಷೇಧ ಕಾಯಿದೆ ಸಮುದಾಯದಿಂದ ಹೊರಹಾಕುವುದನ್ನು ಅಸಿಂಧುವೆಂದು ಸಾರಿ, ತಪ್ಪಿದವರಿಗೆ ದಂಡ ವಿಧಿಸಿತು. ಸಿವಿಲ್ ದಾವೆಯಿಂದ ಪಡೆಯಬಹುದಾದ ಹಕ್ಕು ಕಳೆದುಹೋಗಿದ್ದರಷ್ಟೇ ಅದು ಬಹಿಷ್ಕಾರ. ಅಧಿಕಾರಸ್ಥಾನ, ಆಸ್ತಿ, ಪೂಜಾಸ್ಥಳದಲ್ಲಿ ಪ್ರಾರ್ಥನೆ, ಶವಸಂಸ್ಕಾರ ಇವೆಲ್ಲ ಆ ಹಕ್ಕುಗಳಲ್ಲಿ ಸೇರಿದ್ದವು. ದಾವೂದಿ ಬೊಹ್ರಾ ಪಂಥದ ಗುರುಗಳು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1962ರಲ್ಲಿ ಕಾಯಿದೆಯನ್ನು ರದ್ದುಮಾಡಿತು. ಧಾರ್ಮಿಕ ಕಾರಣದ ಬಹಿಷ್ಕಾರ ಸಂವಿಧಾನದ 26(ಬಿ) ವಿಧಿಯಡಿ ಪಂಥದ ಸ್ವಂತ ವಿಷಯ ಎಂಬುದು ಬಹುಮತದ ವಾದ. ಭಿನ್ನಮತ ಕೊಟ್ಟ ಮುಖ್ಯ ನ್ಯಾಯಮೂರ್ತಿ ಬಿ.ಪಿ. ಸಿನ್ಹಾ ಹೊರಹಾಕಲ್ಪಟ್ಟವನ ಸ್ಥಿತಿಯಲ್ಲಿ ಅಸ್ಪೃಶ್ಯತೆಯ ನೆರಳು ಕಂಡರು. 2023ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಈ ಪ್ರಶ್ನೆಯನ್ನು ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿತು. ನನ್ನ ಮಟ್ಟಿಗೆ ಎರಡೂ ಕಡೆ ಅರ್ಧ ಸತ್ಯವಿದೆ. ಬಲಿಪೀಠದ ಹತ್ತಿರ ಯಾರು ಬರಬೇಕೆಂದು ಹೇಳುವ ಹಕ್ಕಿಲ್ಲದ ಸಭೆ ಸಭೆಯಲ್ಲ. ಹೆಣ ಹೂಳಲು ಮೂರು ಮೊಳ ನೆಲ ಕೊಡದ ಸಭೆಯ ಮಾತನ್ನು ಧಾರ್ಮಿಕ ಎನ್ನಲು ನನಗೆ ಬಾಯಿ ಬಾರದು.

ಮೊದಲ ಮಹಾಯುದ್ಧದಲ್ಲಿ ಜರ್ಮನ್ ಪಾದ್ರಿಗಳು ಹೊರಟುಹೋದರು. 1947ರಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು, ಬಾಸೆಲ್ ಸಭೆಗಳೂ ಕ್ರಮೇಣ ಅದರಲ್ಲಿ ಕೂಡಿದವು. ಇಂದು ಈ ಭಾಗ ಧಾರವಾಡದಿಂದ ನಡೆಯುವ ಕರ್ನಾಟಕ ಉತ್ತರ ಸಭಾಪ್ರಾಂತಕ್ಕೆ ಸೇರಿದೆ. ಹೆಸರು ಕರೆದು ಸಾರುವ ಶಿಕ್ಷೆ ಅಪರೂಪವಾಗಿದೆ. ಸದಸ್ಯರ ಯಾದಿ ಹೊರಬರುವುದು ಹೆಚ್ಚಾಗಿ ಸಭಾ ಕಮಿಟಿಯ ಚುನಾವಣೆ ಬಂದಾಗ, ಚಂದಾ ಬಾಕಿಯ ಲೆಕ್ಕದೊಂದಿಗೆ. ಹಳೆಯ ಹಿರಿಯರು ಕನಿಷ್ಠ ಮನುಷ್ಯನ ಮನೆ ಬಾಗಿಲಿಗೆ ಹೋಗಿ ಮಾತಾಡುತ್ತಿದ್ದರು. ಸಭಾ ಕಮಿಟಿಗಳು ಆ ಭೇಟಿಯನ್ನು ಮತ್ತೆ ಆರಂಭಿಸಲಿ. ಭೋಜನದ ಶಿಸ್ತು ಇರಲಿ, ಆದರೆ ಚಂದಾ ಬಾಕಿಯ ನೆಪದಲ್ಲಿ ಸ್ಮಶಾನದ ಗೇಟಿಗೆ ಬೀಗ ಬೀಳದಂತೆ ತಮ್ಮ ನಿಯಮದಲ್ಲೇ ಬರೆದಿಡಲಿ.