ಹವ್ಯಾಸಿ ಆಟ-ರಚನಾ ಸಾಧನಗಳು ಮತ್ತು ಪ್ರೋಗ್ರಾಮಿಂಗ್ ಭಾಷೆಯ ಪರವಾನಗಿ

ಕಂಪ್ಯೂಟರ್ ಆಟವೊಂದನ್ನು ಮೊದಲ ಸಾಲಿನಿಂದ ಬರೆಯುವ ಹೊರೆಯಿಲ್ಲದೆ, ಚಿತ್ರ, ಧ್ವನಿ ಮತ್ತು ನಿಯಮಗಳನ್ನು ಜೋಡಿಸಿ ಆಟ ಕಟ್ಟಲು ನೆರವಾಗುವ ತಂತ್ರಾಂಶಕ್ಕೆ ಆಟ-ರಚನಾ ಸಾಧನ ಎಂದು ಹೆಸರು. ಇವುಗಳಲ್ಲಿ ಅನೇಕವು ಒಬ್ಬಿಬ್ಬರು ಬಿಡುವಿನ ವೇಳೆಯಲ್ಲಿ ರೂಪಿಸಿದವು. ಇಂಥ ಸಾಧನವು ಯಾವುದೋ ಒಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯಲ್ಪಟ್ಟಿರುತ್ತದೆ, ಜೊತೆಗೆ ಆಟ ಕಟ್ಟುವವರಿಗೂ ಒಂದು ಭಾಷೆಯನ್ನು ಒದಗಿಸುತ್ತದೆ. ಆ ಭಾಷೆಯನ್ನು ನಡೆಸುವ ಭಾಗ, ಅಂದರೆ ರನ್‌ಟೈಮ್, ಸಾಮಾನ್ಯವಾಗಿ ಸಿದ್ಧವಾದ ಆಟದೊಳಗೆ ಸೇರಿ ಹೋಗುವುದರಿಂದ, ಅದರ ಪರವಾನಗಿಯ ಷರತ್ತು ಸಾಧನ ಮಾಡಿದವರನ್ನಷ್ಟೇ ಅಲ್ಲದೆ ಆಟ ಕಟ್ಟಿದವರನ್ನೂ ಅದನ್ನು ಹಂಚುವವರನ್ನೂ ಕಟ್ಟಿಹಾಕುತ್ತದೆ. ಹಲವು ಹವ್ಯಾಸಿ ಸಾಧನಗಳ ಆಯುಸ್ಸನ್ನು ಅವುಗಳ ಗುಣಕ್ಕಿಂತ ಹೆಚ್ಚಾಗಿ ಈ ಷರತ್ತುಗಳೇ ನಿರ್ಧರಿಸಿವೆ.

ಭಾಷೆಯೂ ಅದನ್ನು ನಡೆಸುವ ತಂತ್ರಾಂಶವೂ ಕಾನೂನಿನ ದೃಷ್ಟಿಯಲ್ಲಿ ಬೇರೆಬೇರೆ. ಭಾರತದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ತಂದ ತಿದ್ದುಪಡಿಯಿಂದ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯಕೃತಿಯ ಸಾಲಿಗೆ ಸೇರಿತು; ಪೇಟೆಂಟ್ ಕಾಯ್ದೆಯ 3(ಕೆ) ವಿಧಿಯಂತೆ ಪ್ರೋಗ್ರಾಂ ತಾನಾಗಿಯೇ ಪೇಟೆಂಟ್‌ಗೆ ಅರ್ಹವಲ್ಲ. ಯುರೋಪಿಯನ್ ಒಕ್ಕೂಟದ ನ್ಯಾಯಾಲಯವು 2012ರಲ್ಲಿ, ಸ್ಯಾಸ್ ಸಂಸ್ಥೆಯ ಪ್ರಕರಣದಲ್ಲಿ, ಪ್ರೋಗ್ರಾಮಿನ ಕಾರ್ಯವಿಧಾನಕ್ಕೂ ಅದು ಬಳಸುವ ಭಾಷೆಗೂ ಆ ಪ್ರೋಗ್ರಾಮಿನ ಕೃತಿಸ್ವಾಮ್ಯ ಅನ್ವಯಿಸುವುದಿಲ್ಲವೆಂದು ಹೇಳಿತು. ಜಾವಾ ಭಾಷೆಯ ಕುರಿತು ಒರೇಕಲ್ ಮತ್ತು ಗೂಗಲ್ ನಡುವೆ ವರ್ಷಗಟ್ಟಲೆ ನಡೆದ ವ್ಯಾಜ್ಯದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2021ರ ಏಪ್ರಿಲ್‌ನಲ್ಲಿ ಜಾವಾದ ಘೋಷಣಾ ಸಾಲುಗಳನ್ನು ಗೂಗಲ್ ಬಳಸಿದ್ದು ನ್ಯಾಯಸಮ್ಮತವೆಂದು ತೀರ್ಪಿತ್ತರೂ, ಅಂಥ ಘೋಷಣಾ ಸಾಲುಗಳಿಗೆ ಕೃತಿಸ್ವಾಮ್ಯ ಇದೆಯೇ ಎಂಬ ಮೂಲ ಪ್ರಶ್ನೆಯನ್ನು ತೀರ್ಮಾನಿಸಲಿಲ್ಲ.

ಆಟ-ರಚನಾ ಸಾಧನಗಳ ಪರಂಪರೆಯಲ್ಲಿ ಬಿಲ್ ಬಡ್ಜ್ ಅವರ ಪಿನ್‌ಬಾಲ್ ಕನ್‌ಸ್ಟ್ರಕ್ಷನ್ ಸೆಟ್ (1983) ಮೊದಲ ಸಾಲಿನದು. ಟಿಮ್ ಸ್ವೀನಿ 1991ರಲ್ಲಿ ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದು ಹೊರತಂದ ಝಡ್‌ಝಡ್‌ಟಿ ಎಂಬ ಆಟದೊಳಗೇ ಆಟ ಕಟ್ಟುವ ಸಂಪಾದಕವೂ ಪುಟ್ಟ ಭಾಷೆಯೂ ಇದ್ದವು. ಅದರ ಮೂಲ ಸಾಲುಗಳು, ಅಂದರೆ ಸೋರ್ಸ್ ಕೋಡ್, ಕಳೆದುಹೋಗಿದ್ದವು. 2020ರಲ್ಲಿ ಅವನ್ನು ಹವ್ಯಾಸಿಯೊಬ್ಬರು ಪುನರ್ರಚಿಸಿ, ಸ್ವೀನಿಯವರ ಅನುಮತಿಯೊಂದಿಗೆ ಮುಕ್ತ ಪರವಾನಗಿಯಲ್ಲಿ ಪ್ರಕಟಿಸಿದರು. ಕ್ರಿಸ್ ಜೋನ್ಸ್ 1997ರಲ್ಲಿ ಆರಂಭಿಸಿದ ಅಡ್ವೆಂಚರ್ ಗೇಮ್ ಸ್ಟುಡಿಯೊದ ಮೂಲ ಸಾಲುಗಳು 2010-11ರಲ್ಲಿ ಮುಕ್ತವಾದವು, ಆದ್ದರಿಂದಲೇ ಅದು ಒಬ್ಬರ ಕೈಯಿಂದ ಸ್ವಯಂಸೇವಕರ ಕೈಗೆ ದಾಟಿ ಇಂದಿಗೂ ಬಳಕೆಯಲ್ಲಿದೆ. ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಹುಟ್ಟಿದ ಲುವಾ ಭಾಷೆಯ ಕಥೆ ಇನ್ನೂ ಸ್ಪಷ್ಟ: 1994ರ ಆವೃತ್ತಿಯನ್ನು ವಾಣಿಜ್ಯ ಬಳಕೆಗೆ ಒಪ್ಪಂದವಿಲ್ಲದೆ ಬಳಸುವಂತಿರಲಿಲ್ಲ, ಉಚಿತವಾಗಿದ್ದ ಪ್ರತಿಸ್ಪರ್ಧಿ ಭಾಷೆಗಳ ಎದುರು ಅದು ಹರಡದೆ ಹೋದಾಗ 2.1ನೆಯ ಆವೃತ್ತಿಯಿಂದ ನಿರ್ಬಂಧ ತೆಗೆಯಲಾಯಿತು, ಅನಂತರ ಲುವಾ ಆಟಗಳ ಒಳಭಾಷೆಯಾಗಿ ಜಗತ್ತಿನಾದ್ಯಂತ ನೆಲೆಯೂರಿತು.

ಈ ಇತಿಹಾಸದಲ್ಲಿ ಅತ್ಯಂತ ಬೋಧಪ್ರದವಾದುದು ಸ್ಕ್ವೀಕ್‌ನ ಪ್ರಕರಣ. ಅಲನ್ ಕೇ, ಡ್ಯಾನ್ ಇಂಗಾಲ್ಸ್ ಮತ್ತು ಸಂಗಡಿಗರು ಆಪಲ್ ಸಂಸ್ಥೆಯಲ್ಲಿದ್ದಾಗ ಸ್ಮಾಲ್‌ಟಾಕ್ ಭಾಷೆಯ ಈ ರೂಪವನ್ನು 1996ರಲ್ಲಿ ಹೊರತಂದರು. ಮಕ್ಕಳು ತಾವೇ ಆಟ, ಚಲನಚಿತ್ರ, ಪ್ರಯೋಗಗಳನ್ನು ಕಟ್ಟಬಲ್ಲ ಈಟಾಯ್ಸ್ ಅದರ ಮೇಲೆ ನಿಂತಿತು. ಮೂಲ ಸಾಲುಗಳು ಎಲ್ಲರಿಗೂ ಕಾಣುತ್ತಿದ್ದರೂ ಪರವಾನಗಿಯಲ್ಲಿ ರಫ್ತು ನಿರ್ಬಂಧ, ಆಪಲ್‌ಗೆ ನಷ್ಟವಾದರೆ ಬಳಕೆದಾರರು ಭರಿಸಬೇಕೆಂಬ ಷರತ್ತು, ಆಪಲ್‌ನ ಅಕ್ಷರವಿನ್ಯಾಸಗಳ ಮೇಲೆ ಪ್ರತ್ಯೇಕ ಮಿತಿ ಇದ್ದುದರಿಂದ, ಡೆಬಿಯನ್‌ನಂಥ ಮುಕ್ತ ತಂತ್ರಾಂಶ ವಿತರಣೆಗಳು ಅದನ್ನು ತಮ್ಮ ಮುಖ್ಯ ಭಂಡಾರಕ್ಕೆ ಸೇರಿಸಿಕೊಳ್ಳಲಿಲ್ಲ. ಬಡ ದೇಶಗಳ ಮಕ್ಕಳಿಗೆ ಅಗ್ಗದ ಲ್ಯಾಪ್‌ಟಾಪ್ ಕೊಡುವ ಯೋಜನೆಯಲ್ಲಿ ಈಟಾಯ್ಸ್ ಸೇರಬೇಕಾದಾಗ ತೊಡಕು ಎದ್ದು ಕಂಡಿತು. ಆಪಲ್ 2006ರಲ್ಲಿ ತನ್ನ ಪಾಲನ್ನು ಅಪಾಚೆ ಪರವಾನಗಿಗೆ ಒಪ್ಪಿಸಿತು. ಆದರೆ ಹತ್ತು ವರ್ಷಗಳಲ್ಲಿ ಸಾಲು ಸೇರಿಸಿದ್ದ ನೂರಾರು ಕೊಡುಗೆದಾರರಿಂದ ಒಬ್ಬೊಬ್ಬರಾಗಿ ಒಪ್ಪಿಗೆ ಪಡೆಯಬೇಕಾಯಿತು, ಒಪ್ಪಿಗೆ ಸಿಗದ ಭಾಗಗಳನ್ನು ತೆಗೆಯಬೇಕಾಯಿತು ಇಲ್ಲವೇ ಹೊಸದಾಗಿ ಬರೆಯಬೇಕಾಯಿತು. ಎಲ್ಲ ಮುಗಿದು ಸ್ಕ್ವೀಕ್ 4.0 ಬಂದದ್ದು 2010ರಲ್ಲಿ. ಈ ನಡುವೆ ಎಂಐಟಿಯ ಸ್ಕ್ರ್ಯಾಚ್ 2007ರಲ್ಲಿ ಸ್ಕ್ವೀಕ್‌ನ ಮೇಲೆಯೇ ಜನಿಸಿ, 2013ರಲ್ಲಿ ಫ್ಲ್ಯಾಶ್‌ಗೆ ಸಾಗಿ, ಅಡೋಬಿ ಆ ತಂತ್ರಜ್ಞಾನವನ್ನು 2020ರ ಕೊನೆಗೆ ನಿಲ್ಲಿಸುವುದಾಗಿ ಸಾರಿದ ಮೇಲೆ 2019ರ ಜನವರಿಯಲ್ಲಿ ಜಾವಾಸ್ಕ್ರಿಪ್ಟ್‌ನಲ್ಲಿ ಮರುಜನ್ಮ ತಾಳಿತು. ಮಕ್ಕಳ ಸಾಧನವೊಂದು ಇಷ್ಟು ಸಲ ನೆಲೆ ಬದಲಿಸಬೇಕಾದುದು ಅದನ್ನು ನಂಬಿದ ಶಿಕ್ಷಕರ ದೃಷ್ಟಿಯಿಂದ ಗಂಭೀರ ಸಂಗತಿ.

ಅದೇ ಬಗೆಯ ಅನಿಶ್ಚಿತತೆ ಯೂನಿಟಿ ಎಂಬ ಆಟ-ರಚನಾ ಸಾಧನದಲ್ಲಿ ಬೇರೆ ರೂಪದಲ್ಲಿ ಕಂಡಿತು. ಸಿ ಶಾರ್ಪ್ ಭಾಷೆಯನ್ನು ನಡೆಸುವ ಮೋನೋದ ಹಳೆಯ ಆವೃತ್ತಿಯಲ್ಲೇ ಅದು ಪರವಾನಗಿಯ ತೊಡಕಿನಿಂದ ವರ್ಷಗಳ ಕಾಲ ಉಳಿದಿತ್ತು. 2016ರಲ್ಲಿ ಮೈಕ್ರೋಸಾಫ್ಟ್ ಮೋನೋವನ್ನು ಎಂಐಟಿ ಎಂಬ ಮುಕ್ತ ಪರವಾನಗಿಗೆ ತಂದ ಮೇಲೆ ದಾರಿ ಸುಗಮವಾಯಿತು. 2023ರ ಸೆಪ್ಟೆಂಬರ್‌ನಲ್ಲಿ ನಿಗದಿತ ಮಿತಿ ದಾಟಿದ ಆಟದ ಪ್ರತಿ ಸ್ಥಾಪನೆಗೂ ಶುಲ್ಕವೆಂದು ಯೂನಿಟಿ ಘೋಷಿಸಿ, ಮರುವರ್ಷ ಅದನ್ನು ಕೈಬಿಟ್ಟಿತು. ಅರ್ಜೆಂಟೀನಾದ ಹುವಾನ್ ಲಿನಿಯೆಟ್‌ಸ್ಕಿ ಮತ್ತು ಅರಿಯೆಲ್ ಮಂಝೂರ್ 2014ರಲ್ಲಿ ಎಂಐಟಿ ಪರವಾನಗಿಯಲ್ಲಿ ಮುಕ್ತಗೊಳಿಸಿದ ಗೊಡೊ ಎಂಜಿನ್‌ನತ್ತ ಅನೇಕ ಹವ್ಯಾಸಿಗಳು ಶುಲ್ಕದ ಘೋಷಣೆಯ ಬೆನ್ನಲ್ಲೇ ಹೊರಳಿದರು. ಗೊಡೊ ತಂಡವು ಲುವಾ, ಪೈಥಾನ್ ಮೊದಲಾದವನ್ನು ಪರೀಕ್ಷಿಸಿ, ಕೊನೆಗೆ ಜಿಡಿಸ್ಕ್ರಿಪ್ಟ್ ಎಂಬ ತನ್ನದೇ ಭಾಷೆಯನ್ನು ರೂಪಿಸಿಕೊಂಡಿತು.

ಕನ್ನಡದಲ್ಲಿ ಈ ವಿಷಯಕ್ಕೆ ಸಮೀಪದ ಪ್ರಯತ್ನವೆಂದರೆ ಯು. ಬಿ. ಪವನಜ ಅವರು ಮಕ್ಕಳಿಗಾಗಿ ರೂಪಿಸಿದ ಕನ್ನಡ ಲೋಗೋ. 1967ರಲ್ಲಿ ಸೀಮೋರ್ ಪೇಪರ್ಟ್ ಮತ್ತು ಸಹೋದ್ಯೋಗಿಗಳು ಸೃಷ್ಟಿಸಿದ ಲೋಗೋ ಭಾಷೆಯನ್ನು ಅನೇಕರು ಸ್ವತಂತ್ರವಾಗಿ ಅನುಷ್ಠಾನಕ್ಕೆ ತಂದಿದ್ದಾರೆ. ಬರ್ಕ್ಲಿಯ ಆವೃತ್ತಿಯು ಜಿಪಿಎಲ್ ಅಡಿಯಲ್ಲಿ, ಅಂದರೆ ಬದಲಾಯಿಸಿ ಹಂಚುವವರು ತಮ್ಮ ಮೂಲ ಸಾಲುಗಳನ್ನೂ ಅದೇ ಷರತ್ತಿನಲ್ಲಿ ಕೊಡಬೇಕೆಂಬ ಪರವಾನಗಿಯಲ್ಲಿ, ದೊರೆಯುತ್ತದೆ. ಭಾಷೆ ಯಾರ ಸೊತ್ತೂ ಅಲ್ಲದಿದ್ದುದರಿಂದ ಅದರ ಆಜ್ಞೆಗಳಿಗೆ ಕನ್ನಡದ ಮಾತು ಕೊಡಲು ಯಾರ ಬಾಗಿಲನ್ನೂ ತಟ್ಟಬೇಕಾಗಿರಲಿಲ್ಲ.

ಹಾಸನ ಜಿಲ್ಲೆಯಂಥ ಪ್ರದೇಶಕ್ಕೆ ಈ ಚರ್ಚೆ ದೂರದ್ದಲ್ಲ. ಹಾಸನದಲ್ಲಿ 1960ರಲ್ಲಿ ಸ್ಥಾಪನೆಯಾದ ಮಲೆನಾಡು ಇಂಜಿನಿಯರಿಂಗ್ ಕಾಲೇಜು, ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಬಾಹುಬಲಿ ಇಂಜಿನಿಯರಿಂಗ್ ಕಾಲೇಜು ಮುಂತಾದವುಗಳಲ್ಲಿ ಓದುವವರಿಗೆ ಜಾವಾ ಪರಿಚಿತ. ಒರೇಕಲ್ 2019ರಿಂದ ತನ್ನ ಜಾವಾ 8ರ ಹೊಸ ತಿದ್ದುಪಡಿಗಳಿಗೆ ವಾಣಿಜ್ಯ ಬಳಕೆದಾರರಿಂದ ಹಣ ಕೇಳತೊಡಗಿದರೂ, ಓಪನ್‌ಜೆಡಿಕೆ ಎಂಬ ಮುಕ್ತ ರೂಪವು ಜಿಪಿಎಲ್‌ಗೆ ಒಂದು ವಿನಾಯಿತಿಯೊಂದಿಗೆ ದೊರೆಯುತ್ತದೆ. ಆ ವಿನಾಯಿತಿಯಂತೆ ಅದರ ಗ್ರಂಥಾಲಯಗಳೊಡನೆ ಬೆಸೆದ ಆಟದ ಮೂಲ ಸಾಲುಗಳನ್ನು ಬಹಿರಂಗಪಡಿಸಬೇಕಿಲ್ಲ. ಅರಕಲಗೂಡಿನ ಅಥವಾ ಹೊಳೆನರಸೀಪುರದ ವಿದ್ಯಾರ್ಥಿಯೊಬ್ಬರು ಚೌಕಾಬಾರವನ್ನೋ ಅಳಗುಳಿಮಣೆಯನ್ನೋ ಪರದೆಗೆ ತರುವ ಸಾಧನವನ್ನು ಜಾವಾದಲ್ಲಿ ರೂಪಿಸಲು ಹೊರಟರೆ, ಮೊದಲು ತಿಳಿಯಬೇಕಾದುದು ಈ ವಿನಾಯಿತಿಯನ್ನೇ.

ಕನ್ನಡದ ಸಾಧನಕ್ಕೆ ಇನ್ನೊಂದು ತೊಡಕು ಲಿಪಿಯದು. ಒತ್ತಕ್ಷರ, ಗುಣಿತಗಳನ್ನು ಸರಿಯಾಗಿ ಕೂಡಿಸುವ ಲಿಪಿ-ಜೋಡಣೆಯ ವ್ಯವಸ್ಥೆ ಗೊಡೊಗೆ ಬಂದದ್ದು 2023ರ ಮಾರ್ಚ್‌ನ 4.0 ಆವೃತ್ತಿಯಲ್ಲಿ, ಮುಕ್ತ ಪರವಾನಗಿಯ ಹಾರ್ಫ್‌ಬಝ್ ಅದರ ಆಧಾರ. ಅಕ್ಷರವಿನ್ಯಾಸಗಳಿಗೂ ಪರವಾನಗಿ ಇದೆ: ಮೈಕ್ರೋಸಾಫ್ಟ್‌ನ ತುಂಗಾ ಎಂಬ ಕನ್ನಡ ಅಕ್ಷರವಿನ್ಯಾಸವನ್ನು ಆಟದ ಕಡತದೊಳಗೆ ಸೇರಿಸಿ ಹಂಚಲು ಪ್ರತ್ಯೇಕ ಅನುಮತಿ ಬೇಕು. ಓಪನ್ ಫಾಂಟ್ ಲೈಸೆನ್ಸ್‌ನಲ್ಲಿರುವ ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಮುಂತಾದವನ್ನು ಆಟದೊಡನೆ ಸೇರಿಸಬಹುದು, ಆಟವನ್ನು ಮಾರಲೂಬಹುದು. ಅಕ್ಷರವಿನ್ಯಾಸವೊಂದನ್ನೇ ಬೇರೆಯಾಗಿ ಮಾರುವಂತಿಲ್ಲ, ಅದರ ಪರವಾನಗಿ ಪತ್ರವನ್ನು ಕಡತದ ಜೊತೆಯಲ್ಲಿ ಇಡಬೇಕು.