ಹೊಟ್ಟೆಯೊಳಗಿನ ಬಲೂನು

ಕಳೆದ ಮಾಘಮಾಸದಲ್ಲಿ ತಾಳಗುಂದದ ಶಾಸನ ನೋಡಲು ಹೊರಟಾಗ ತಂಗಿಯ ಮಗನೇ ಕಾರು ನಡೆಸಿಕೊಂಡು ಬಂದ. ಪ್ರಣವೇಶ್ವರನ ಗುಡಿಯ ಬಳಿ ಬುತ್ತಿ ಬಿಚ್ಚಿದೆವು. ನಾಲ್ಕು ತುತ್ತು ಚಿತ್ರಾನ್ನ ತಿಂದು ಅವನು ಕೈ ತೊಳೆದ.

"ಸಾಕು ಮಾವ, ಹೊಟ್ಟೆಯಲ್ಲಿ ಬಲೂನಿದೆ."

ತಮಾಷೆಯೆಂದುಕೊಂಡೆ. ನಿಜವಂತೆ. ಬೊಜ್ಜಿಗೆ ಈಗ ಅಂಥದೊಂದು ಚಿಕಿತ್ಸೆ ಉಂಟು. ಬಾಯಿಯ ಮೂಲಕ ಜಠರಕ್ಕೆ ಸಿಲಿಕೋನಿನ ಚೀಲವನ್ನಿಳಿಸಿ ಅರ್ಧ ಲೀಟರಿನಷ್ಟು ಉಪ್ಪುನೀರು ತುಂಬುತ್ತಾರೆ. ನೀರಿಗೆ ನೀಲಿ ಬಣ್ಣ ಬೆರೆಸಿರುತ್ತಾರೆ; ಚೀಲ ಒಡೆದರೆ ಮೂತ್ರದ ಬಣ್ಣ ತಿರುಗಿ ಗುಟ್ಟು ರಟ್ಟಾಗಲೆಂದು! ಆರು ತಿಂಗಳಿಗೆ ಅದನ್ನು ತೆಗೆಯಬೇಕು.

ನಾನು ನೋಡಬಂದದ್ದು ಐದನೆಯ ಶತಮಾನದಲ್ಲಿ ಕುಬ್ಜನೆಂಬ ಕವಿ ಕಲ್ಲಿನ ಮೇಲೆ ಬರೆದ ಕದಂಬರ ಕಥೆ. ಆದರೆ ಆ ಮಾತು ಕೇಳಿದ ಮೇಲೆ ಮನಸ್ಸು ಹತ್ತಿರದ ಬಳ್ಳಿಗಾವೆಗೆ ಹೋಯಿತು. ಅಲ್ಲಿನ ಕೋಡಿಯ ಮಠದ 1162ರ ಶಾಸನ, ವೇದ ವ್ಯಾಕರಣಗಳ ಪಾಠವನ್ನು ಹೇಳುವುದರ ಜೊತೆಗೆ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುವ ಸ್ಥಾನವೆಂದು ಮಠವನ್ನು ಬಣ್ಣಿಸುತ್ತದೆ. ಉಂಡು ಕೆಟ್ಟವನ ಹೆಸರು ಆ ಪಟ್ಟಿಯಲ್ಲಿಲ್ಲ.

ಹಾಗೆಂದು ಅಂಥವನು ಆಗ ಇರಲಿಲ್ಲವೆ? ಆ ಶಾಸನಕ್ಕಿಂತ ಎಷ್ಟೋ ಹಿಂದಿನ ಚರಕ ಸಂಹಿತೆ ಅತಿಸ್ಥೂಲನಿಗೆ ಎಂಟು ದೋಷಗಳನ್ನು ಎಣಿಸುತ್ತದೆ. ಆಯುಸ್ಸು ಕಡಿಮೆ, ಬೆವರು ಹೆಚ್ಚು. ಎಲ್ಲಕ್ಕೂ ಮಿಗಿಲಾಗಿ, ಹಸಿವೂ ಹೆಚ್ಚು. ಮೇದಸ್ಸು ದಾರಿ ಕಟ್ಟಿದ್ದರಿಂದ ವಾಯು ಹೊಟ್ಟೆಯಲ್ಲೇ ಸುಳಿದು ಅಗ್ನಿಯನ್ನು ಊದುತ್ತದಂತೆ. ಕೃಶನಿಗಿಂತ ಸ್ಥೂಲನ ಚಿಕಿತ್ಸೆ ಕಷ್ಟವೆಂದೂ ಅದು ಒಪ್ಪುತ್ತದೆ. ಅದರ ಉಪಾಯವಾದರೂ ಏನು? ಆಹಾರ ಗುರುವಾಗಿರಬೇಕು, ಪುಷ್ಟಿ ಕೊಡಬಾರದು. ಹೊಟ್ಟೆಗೆ ಭಾರ, ಮೈಗೆ ಹಗುರ. ಅದಕ್ಕೇ ನವಣೆ, ಸಾಮೆ, ಹಾರಕ, ಹುರುಳಿ, ಹೆಸರು. ಭಾರವಿದ್ದೂ ಪುಷ್ಟಿಯಿಲ್ಲದ ವಸ್ತುವೆಂದರೆ ಅಳಿಯನ ಚೀಲಕ್ಕಿಂತ ಬೇರೆ ಬೇಕೆ?

ಅಮೆರಿಕದಲ್ಲಿ 1985ರಲ್ಲಿ ಒಪ್ಪಿಗೆ ಪಡೆದ ಬಲೂನು ಗಾಳಿಯದು. ಅದು ಜಠರದಲ್ಲಿ ಹುಣ್ಣು ಮಾಡಿತು, ಸೊರಗಿ ಕರುಳಿಗಿಳಿದು ದಾರಿ ಕಟ್ಟಿತು; ಕೆಲವೇ ವರ್ಷಗಳಲ್ಲಿ ಮಾರಾಟ ನಿಂತಿತು. ಆಮೇಲೆ ಬಂದದ್ದು ನೀರಿನ ಚೀಲ. ಹಾಂಗ್‌ಕಾಂಗಿನ ವೈದ್ಯರು ಅದನ್ನು ಚೀನೀ ರೋಗಿಗಳಲ್ಲಿ ಪರೀಕ್ಷಿಸಿದರು. ಇಲ್ಲೊಂದು ಅಳತೆಗೋಲಿನ ಪ್ರಶ್ನೆಯಿದೆ. ಕಿಲೋ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿ ಬಂದ ಅಂಕೆ 30 ಮುಟ್ಟಿದರೆ ಯುರೋಪಿನವನಿಗೆ ಬೊಜ್ಜು. ಚೀನದವನಿಗೆ 28ಕ್ಕೇ, ನಮಗೆ 25ಕ್ಕೇ. ಸಣ್ಣಗೆ ಕಂಡರೂ ನಮ್ಮ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚು, ಸಕ್ಕರೆ ಕಾಯಿಲೆಯೂ ಬೇಗ. ಏಷ್ಯದವರಿಗೆ ಅಪಾಯ ಕೆಳಗಿನ ಅಂಕೆಯಲ್ಲೇ ತೊಡಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಹೇಳಿದರು. ಚೀನದ ಮಾತು ಬಂದದ್ದರಿಂದ ನೆನಪಾಯಿತು: ಏಳನೆಯ ಶತಮಾನದಲ್ಲಿ ನಮ್ಮ ದೇಶಕ್ಕೆ ಬಂದಿದ್ದ ಭಿಕ್ಷು ಇತ್ಸಿಂಗ್, ಇಲ್ಲಿಯವರು ಕಾಯಿಲೆ ಬಿದ್ದರೆ ಮೊದಲು ಉಪವಾಸ ಹಿಡಿಯುವುದನ್ನು ಮೆಚ್ಚಿ ಬರೆದಿಟ್ಟಿದ್ದಾನೆ. ಆ ಮದ್ದಿಗೆ ಕಾಸಿನ ಖರ್ಚಿರಲಿಲ್ಲ.

ಅಳಿಯ ಹದಿನಾಲ್ಕು ಕಿಲೋ ಇಳಿದಿದ್ದ. ಕೆರೆಯ ಕಡೆ ನಡೆಯುವಾಗ ಏದುಸಿರು ಬಿಟ್ಟವನು ನಾನೇ.

"ಬರುವ ತಿಂಗಳು ತೆಗೆಯುತ್ತಾರೆ ಮಾವ. ತೆಗೆದ ಮೇಲೆ ಹಸಿವು ತಿರುಗಿ ಬಂದರೆ?"

ನಾನು ಹುರುಳಿಯ ಮಾತೆತ್ತಿದೆ. ನಗುತ್ತಾನೆಂದುಕೊಂಡಿದ್ದೆ, ನಗಲಿಲ್ಲ. "ಅಮ್ಮನಿಗೆ ಹೇಳಿ" ಎಂದು ಬುತ್ತಿಯ ಮುಚ್ಚಳ ಹಾಕಿದ.